ಚಿಕ್ಕ ಚೂರಿಯನ್ನು ಮಸೆಯುವ ವಿಷಯ



ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಏನಾದರೂ ಬರೆಯಬೇಕೆಂಬ ಪದ್ಧತಿಯುಂಟು. ಸಾಮಾನ್ಯವಾಗಿ ಅದು ಶಿಸ್ತು, ಶೀಲ, ಸಮಯಪಾಲನೆ ಇವುಗಳ ವಿಷಯವಾಗಿರುವದು. ಈ ಸಲ ನಾನು ಚೂರಿಯ ವಿಷಯವಾಗಿ ಬರೆಯಲು ಉದ್ದೇಶಿಸಿರುವೆನು. ಕಳೆದ ಎರಡು ವರ್ಷಗಳಿಂದ ನಮ್ಮ ಶಾಲೆಯ ಕೈಗೆಲಸದ ತಾಸಿನಲ್ಲಿ ಎಂಟನೆಯ ಇಯತ್ತೆಯ ಹುಡುಗಿಯರಿಗೆ ಚಿಕ್ಕ ಚೂರಿಯನ್ನು ಮಸೆಯುವದನ್ನು ಕಲಿಸುತ್ತಿರುವೆವು. ನಮ್ಮ ಮಗಳ ಕೈಗೆ ಚೂರಿಯನ್ನು ಯಾಕೆ ಕೊಟ್ಟಿರಿ ಎಂದು ಕೆಲವು ಮನೆಗಳಿಂದ ಪ್ರಶ್ನೆ ಬಂದಿತು. ಪ್ರಶ್ನೆಯು ನ್ಯಾಯವಾದದ್ದೇ. ಅದಕ್ಕೆ ಉತ್ತರವನ್ನು ಕೊಡುವದು ನನ್ನ ಕರ್ತವ್ಯವಾಗಿದೆ.

ಆದದ್ದು ಹೀಗೆ. ಮಳೆಗಾಲದ ಒಂದು ಮಧ್ಯಾಹ್ನ ರೇಖಾಗಣಿತದ ಪಾಠದ ನಡುವೆ ಒಬ್ಬ ಹುಡುಗಿಯು ಪೆನ್ಸಿಲನ್ನು ಹೆರೆಯುತ್ತಿದ್ದಾಗ ಎಡಗೈಯ ಹೆಬ್ಬೆರಳನ್ನು ಕೊಯ್ದುಕೊಂಡಳು. ಮೂರು ಹೊಲಿಗೆ ಬಿದ್ದವು. ಅವಳ ಕೈಯಲ್ಲಿದ್ದದ್ದು ಚೂರಿಯಲ್ಲ, ಗಂಡಸರು ಕ್ಷೌರಕ್ಕೆ ಉಪಯೋಗಿಸುವ ಬ್ಲೇಡಿನ ಮುರಿದ ಅರ್ಧ. ಆ ದಿನವೇ ನಾನು ಎಲ್ಲರ ಕಂಪಾಸು ಪೆಟ್ಟಿಗೆಗಳನ್ನು ತೆರೆಯಿಸಿ ನೋಡಿದೆನು. ಹೆಚ್ಚುಕಡಿಮೆ ಎಲ್ಲವುಗಳಲ್ಲಿಯೂ ಕಾಗದದಲ್ಲಿ ಸುತ್ತಿಟ್ಟ ಅಂಥದೊಂದು ಅರ್ಧ ಬ್ಲೇಡು ಇತ್ತು. ಸಂಜೆಗೆ ವಸತಿಗೃಹದ ಅಡಿಗೆಮನೆಗೆ ಹೋದೆನು. ಅಲ್ಲಿ ನಮ್ಮ ಅಡಿಗೆಯ ತಾಯಿಯವರು ಚಿಕ್ಕ ಚೂರಿಯನ್ನು ಉಳ್ಳಾಗಡ್ಡಿಯ ಮೇಲಿಟ್ಟು ಅಂಗೈಯಿಂದ ಒತ್ತುತ್ತಿದ್ದರು. ಸಿಪ್ಪೆಯ ಮೇಲೆ ಅದು ಜಾರಿತು. ಅವರ ಬೆರಳುಗಳ ಮೇಲೆ ಎಷ್ಟು ಹಳೆಯ ಗಾಯಗಳ ಗುರುತುಗಳಿದ್ದವೆಂಬದನ್ನು ನಾನು ಅಂದೇ ಮೊದಲು ನೋಡಿದೆನು. ಒಂದೆಡೆಯಲ್ಲಿ ಹಿಡಿಯೇ ಇಲ್ಲದ ಅತಿ ಹರಿತವಾದ ಅಲಗು, ಇನ್ನೊಂದೆಡೆಯಲ್ಲಿ ಹಿಡಿಯಿದ್ದು ಬಾಯಿ ಸತ್ತ ಅಲಗು. ಎರಡೂ ಕೈಯನ್ನು ಕೊಯ್ಯುವವು. ಮೊಂಡ ಚೂರಿಗೆ ಬಲವನ್ನು ಹಾಕಬೇಕಾಗುವದು. ಬಲವನ್ನು ಹಾಕಿದ ಕೈ ಜಾರಿದಾಗ ಅದನ್ನು ತಡೆಯುವದು ಯಾರಿಂದಲೂ ಆಗದು.

ಪೆನ್ಸಿಲಿಗೆ ಶಾರ್ಪನರು ಇದೆಯಲ್ಲವೇ ಎಂದು ಕೆಲವರು ಕೇಳುವರು. ಇದೆ. ಆದರೆ ಅದರೊಳಗಿನ ಸಣ್ಣ ಅಲಗು ಮೊಂಡಾದ ಮೇಲೆ ಮರವನ್ನು ಹೆರೆಯದೆ ಸೀಸವನ್ನು ಮುರಿಯುವದು. ಆಗ ಅದನ್ನು ಎಸೆದು ಇನ್ನೊಂದನ್ನು ಕೊಳ್ಳುವರು, ಇಲ್ಲವೇ ಅರ್ಧ ಬ್ಲೇಡಿಗೆ ಕೈ ಹಾಕುವರು.

ಹರಿತವೆಂದರೇನು ಎಂಬದನ್ನು ಮೊದಲು ತಿಳಿಯತಕ್ಕದ್ದು. ಅಲಗಿನ ಎರಡು ಮಗ್ಗುಲುಗಳು ಒಂದು ಗೆರೆಯಲ್ಲಿ ಕೂಡುವವು. ಆ ಗೆರೆಯು ಎಷ್ಟು ಸೂಕ್ಷ್ಮವೋ ಚೂರಿಯು ಅಷ್ಟು ಹರಿತ. ಮೊಂಡಾದ ಚೂರಿಯ ಬಾಯನ್ನು ದೀಪದ ಕೆಳಗೆ ಮೇಲ್ಮುಖವಾಗಿ ಹಿಡಿದು ನೋಡಿರಿ. ಬಿಳಿಯ ಎಳೆಯೊಂದು ಮಿನುಗುವದು. ಅದು ಸವೆದು ಚಪ್ಪಟೆಯಾದ ಅಥವಾ ಮಡಚಿಕೊಂಡ ಭಾಗ; ಬೆಳಕು ಅದರ ಮೇಲೆ ಬಿದ್ದು ಹಿಂದಿರುಗುವದು. ಹರಿತವಾದ ಬಾಯಲ್ಲಿ ಬೆಳಕು ನಿಲ್ಲುವಷ್ಟು ಅಗಲವೇ ಇರದು. ಆದಕಾರಣ ಏನೂ ಕಾಣಿಸುವದಿಲ್ಲ. ಮಸೆಯುವದೆಂದರೆ ಎರಡೂ ಮಗ್ಗುಲುಗಳನ್ನು ಒಂದೇ ಓರೆಯಲ್ಲಿ ತಿಕ್ಕಿ ಆ ಬಿಳಿಯ ಎಳೆಯನ್ನು ಇಲ್ಲದಂತೆ ಮಾಡುವದು. ಅಡಿಗೆಮನೆಯ ಚಿಕ್ಕ ಚೂರಿಗೆ ಒಂದೊಂದು ಮಗ್ಗುಲಿಗೆ 15 ರಿಂದ 20 ಡಿಗ್ರಿಗಳ ಓರೆಯು ಸಾಕು. ಕುಡುಗೋಲಿಗೂ ಮಚ್ಚಿಗೂ ಇದಕ್ಕಿಂತ ದಪ್ಪವಾದ ಬಾಯಿ ಬೇಕು, ಇಲ್ಲದಿದ್ದರೆ ಮೊದಲನೆಯ ಏಟಿಗೇ ಹಲ್ಲು ಬೀಳುವದು.

ಈ ವಿದ್ಯೆಯು ನಮ್ಮ ಸೀಮೆಗೆ ಹೊಸದೇನಲ್ಲ. 1915 ರಲ್ಲಿ ಅಶೋಕನ ಶಾಸನವು ಸಿಕ್ಕಿದ ಮಸ್ಕಿಯು ನಮ್ಮ ರಾಯಚೂರು ಜಿಲ್ಲೆಯದೇ. ಅಲ್ಲಿ 1954 ರಲ್ಲಿ ಅಗೆದಾಗ ಕಲ್ಲಿನಿಂದ ಸೀಳಿ ತೆಗೆದ ಉದ್ದವಾದ ತೆಳುವಾದ ಅಲಗುಗಳು ದೊರೆತವು. ಬಳ್ಳಾರಿಯ ಹತ್ತಿರದ ಸಂಗನಕಲ್ಲಿನ ಗುಡ್ಡಗಳಲ್ಲಿ ಕಲ್ಲಿನ ಕೊಡಲಿಗಳನ್ನು ತಿಕ್ಕಿ ತಿಕ್ಕಿ ಬಂಡೆಗಳಲ್ಲಿಯೇ ಬಿದ್ದ ನಯವಾದ ಕುಳಿಗಳನ್ನು ಇಂದಿಗೂ ನೋಡಬಹುದು. ಅವು ಮೂರು ಸಾವಿರ ವರ್ಷಗಳಿಗೂ ಹಿಂದಿನವು. ತಿಕ್ಕುವ ಕೈಗೆ ಆ ಕುಳಿಯೇ ದಾರಿಯನ್ನು ತೋರಿಸುತ್ತಿತ್ತೆಂದು ನನಗೆ ತೋರುವದು. ಯಾಕಂದರೆ ಒಮ್ಮೆ ಕುಳಿ ಬಿದ್ದ ಮೇಲೆ ಕೈಯು ಅತ್ತಿತ್ತ ಹೋಗಲಾರದು. ಇನ್ನು ಕಬ್ಬಿಣದ ಕಾಲಕ್ಕೆ ಬಂದರೆ, ದಕ್ಷಿಣದೇಶದ ಮೂಸೆಯ ಉಕ್ಕನ್ನು ಯುರೋಪಿನವರು ವೂಟ್ಜ್ ಎಂದು ಕರೆದರು. ಇದು ನಮ್ಮ ಉಕ್ಕು ಎಂಬ ಮಾತಿನಿಂದಲೇ ಹುಟ್ಟಿದ್ದೆಂದು ಅನೇಕ ಪಂಡಿತರ ಅಭಿಪ್ರಾಯ. 1795 ರಲ್ಲಿ ಜಾರ್ಜ್ ಪಿಯರ್ಸನ್ ಎಂಬವರು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಉಕ್ಕಿನ ಪರೀಕ್ಷೆಯ ವಿವರವನ್ನಿಟ್ಟರು. ಸ್ಟೋಡಾರ್ಟ್ ಎಂಬ ಕತ್ತಿಗಾರನು ಆ ಉಕ್ಕಿನಿಂದ ಮಾಡಿ ನೋಡಿದ ವಸ್ತುವು ಖಡ್ಗವಲ್ಲ, ಗರಿಯ ಲೇಖನಿಯನ್ನು ಹೆರೆಯುವ ಚಿಕ್ಕ ಚೂರಿ! ಉಕ್ಕಿನ ಗುಣವನ್ನು ತಿಳಿಯುವದಕ್ಕೆ ಚಿಕ್ಕ ಅಲಗೇ ತಕ್ಕ ಪರೀಕ್ಷೆಯೆಂಬದನ್ನು ಅವನು ಬಲ್ಲವನಾಗಿದ್ದನು.

ಹಾಗಾದರೆ ಸಾಣೆಯವನಿಗೆ ಕೊಟ್ಟರಾಗದೇ? ಸೈಕಲ್ಲಿಗೆ ಚಕ್ರವನ್ನು ಕಟ್ಟಿಕೊಂಡು ಓಣಿಗೆ ಬರುವ ಸಾಣೆಯವನ ಕೆಲಸವನ್ನು ನಾನು ಹೀಗಳೆಯುವದಿಲ್ಲ. ಈಳಿಗೆಗೂ ಕತ್ತರಿಗೂ ಅವನ ಕೈಯೇ ಸರಿ. ಆದರೆ ಚಿಕ್ಕ ಅಲಗಿನ ವಿಷಯದಲ್ಲಿ ನನಗೊಂದು ಪೆಟ್ಟು ಬಿದ್ದಿದೆ. ನಮ್ಮ ತಂದೆಯವರು ಶಿಕ್ಷಕರಾಗಿದ್ದರು. ಅವರ ಮಡಿಚುವ ಚೂರಿಯೊಂದು ನನಗೆ ಬಂದಿತ್ತು. ನಾನು ಶಿಕ್ಷಕಿಯರ ತರಬೇತಿಯಲ್ಲಿದ್ದಾಗ ಅದನ್ನು ಒಂದು ಕಾರಖಾನೆಯಲ್ಲಿ ವಿದ್ಯುತ್ತಿನ ಒಣ ಚಕ್ರಕ್ಕೆ ಹಿಡಿಯಿಸಿದೆನು. ಕಿಡಿಗಳು ಹಾರಿದವು, ನೋಡುವದಕ್ಕೆ ಚೆಂದವಾಗಿತ್ತು. ಚೂರಿಯು ಹಿಂದಕ್ಕೆ ಬಂದಾಗ ಮೊನೆಯು ನವಿಲಿನ ಕತ್ತಿನಂತೆ ನೀಲಿಯಾಗಿತ್ತು. ಎರಡೇ ದಿನಗಳಲ್ಲಿ ಅದು ಮೊದಲಿಗಿಂತಲೂ ಮೊಂಡಾಯಿತು. ಊರಿಗೆ ಬಂದಾಗ ಬಾಗಲವಾಡದ ಕಮ್ಮಾರರೊಬ್ಬರಿಗೆ ತೋರಿಸಿದೆನು. ಅವರು ಅದನ್ನು ಬೆಳಕಿಗೆ ಹಿಡಿದು, "ಅಕ್ಕೋರೆ, ಇದರ ಬಾಯಿ ಸುಟ್ಟೈತ್ರೀ. ಇನ್ನ ಎಷ್ಟ್ ಮಸದ್ರೂ ನಿಲ್ಲಂಗಿಲ್ರೀ" ಅಂದರು.

ಅವರು ಹೇಳಿದ್ದರ ಕಾರಣವನ್ನು ನಮ್ಮ ವಿಜ್ಞಾನದ ಪುಸ್ತಕದಿಂದ ಹೀಗೆ ವಿವರಿಸಬಹುದು. ಉಕ್ಕನ್ನು ಕೆಂಪಾಗುವಂತೆ ಕಾಯಿಸಿ ಥಟ್ಟನೆ ತಣಿಸಿದರೆ ಅದು ಗಾಜಿನಂತೆ ಗಡುಸಾಗುವದು, ಆದರೆ ಮುರಿಯುವದು. ಆದಕಾರಣ ಮತ್ತೊಮ್ಮೆ ಸ್ವಲ್ಪ ಕಾಯಿಸಿ ಹದವನ್ನು ಕೂಡಿಸುವರು. ಈ ಎರಡನೆಯ ಕಾವಿನಲ್ಲಿ ಉಜ್ಜಿದ ಉಕ್ಕಿನ ಮೈಮೇಲೆ ಬಣ್ಣಗಳು ಏರುವವು. ಸುಮಾರು 220 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಣಹುಲ್ಲಿನ ಹಳದಿ, ಸುಮಾರು 300 ರಲ್ಲಿ ನೀಲಿ. ಚೂರಿಗೆ ಹಳದಿಯ ಹದ ಬೇಕು. ನೀಲಿಯಾದದ್ದು ಸ್ಪ್ರಿಂಗಿಗೆ ತಕ್ಕದ್ದು. ದೊಡ್ಡ ಕತ್ತಿಯ ಮೈಯಲ್ಲಿ ಕಾವು ಹರಡಿಹೋಗುವದು. ಚಿಕ್ಕ ಅಲಗಿನ ಮೊನೆಯಲ್ಲಿ ಅದು ಹೋಗಲು ಸ್ಥಳವೇ ಇಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಸುಟ್ಟುಹೋಗುವದು. ಅಂದಿನಿಂದ ಚಿಕ್ಕ ಚೂರಿಯನ್ನು ಒಣ ಚಕ್ರಕ್ಕೆ ಹಿಡಿಯಕೂಡದೆಂಬದು ನನ್ನ ನಿಯಮ.

ಉಳಿದವು ಎರಡು ದಾರಿಗಳು. ಮೊದಲನೆಯದು ಈಚೆಗೆ ಪೇಟೆಯಲ್ಲಿ ದೊರೆಯುವ ಆಧಾರದ ಉಪಕರಣ. ಇದರಲ್ಲಿ ಚೂರಿಯ ಬೆನ್ನನ್ನು ಕಚ್ಚಿ ಹಿಡಿಯುವ ಇಕ್ಕಳವಿರುವದು. ಇಕ್ಕಳದ ಹಿಂದೆ ನಿಂತ ಪಟ್ಟಿಯಲ್ಲಿ ಒಂದರ ಮೇಲೊಂದು ರಂಧ್ರಗಳು. ಅವುಗಳ ಪಕ್ಕದಲ್ಲಿ ಸಾಮಾನ್ಯವಾಗಿ 17, 20, 25, 30 ಎಂದು ಡಿಗ್ರಿಗಳ ಗುರುತುಗಳು. ಚಿಕ್ಕದೊಂದು ಮಸೆಗಲ್ಲಿಗೆ ಉದ್ದವಾದ ಸರಳನ್ನು ಜೋಡಿಸಿರುವರು. ಸರಳನ್ನು ಬೇಕಾದ ರಂಧ್ರದಲ್ಲಿ ತೂರಿಸಿ ಕಲ್ಲನ್ನು ಅಲಗಿನ ಮೇಲೆ ಹಿಂದೆ ಮುಂದೆ ಎಳೆದರೆ ಓರೆಯು ತಪ್ಪುವದಿಲ್ಲ. ಕೈ ನಡುಗಿದರೂ ಕಲ್ಲು ತನ್ನ ದಾರಿಯನ್ನು ಬಿಡದು. ಒಂದು ಮಗ್ಗುಲು ಮುಗಿದ ಮೇಲೆ ಇಕ್ಕಳವನ್ನು ತಿರುವಿ ಇನ್ನೊಂದು ಮಗ್ಗುಲನ್ನು ತಿಕ್ಕತಕ್ಕದ್ದು.

ಇಷ್ಟು ಹೇಳಿದ ಮೇಲೆ ಬೇರೆ ದಾರಿ ಯಾಕೆ ಬೇಕೆಂದು ಅನಿಸಬಹುದು. ಇಲ್ಲಿಯೇ ಅಲಗಿನ ಚಿಕ್ಕತನವು ಅಡ್ಡಬರುವದು. ರಂಧ್ರವು ಅಲಗಿನ ಮಟ್ಟಕ್ಕಿಂತ 4 ಸೆಂಟಿಮೀಟರು ಎತ್ತರದಲ್ಲಿಯೂ ಬಾಯಿಯಿಂದ 11 ಸೆಂಟಿಮೀಟರು ದೂರದಲ್ಲಿಯೂ ಇದ್ದರೆ ಓರೆಯು 20 ಡಿಗ್ರಿ. ಅಗಲವಾದ ಚೂರಿಯನ್ನು ತೆಗೆದು ಅದೇ ಇಕ್ಕಳದಲ್ಲಿ ಚಿಕ್ಕದನ್ನು ಸಿಕ್ಕಿಸಿದರೆ ಅದರ ಬಾಯಿ ಇಕ್ಕಳಕ್ಕೆ ಸಮೀಪವಾಗುವದು. ದೂರವು 11 ರಿಂದ 9 ಕ್ಕೆ ಇಳಿಯಿತೆನ್ನಿರಿ. ಎತ್ತರವು ಬದಲಾಗಿಲ್ಲ, ಆದರೆ ಓರೆಯು 24 ಡಿಗ್ರಿಯಾಯಿತು. ರಂಧ್ರದ ಪಕ್ಕದಲ್ಲಿ ಮಾತ್ರ 20 ಎಂದೇ ಬರೆದಿರುವದು. ಒಂದು ಸೆಂಟಿಮೀಟರು ಅಗಲದ ಅಲಗಾದರೆ ಇಕ್ಕಳವೇ ಅದರ ಅರ್ಧವನ್ನು ನುಂಗುವದು. ಕೆಳಗಿನ ರಂಧ್ರದಲ್ಲಿ ಸರಳನ್ನಿಟ್ಟರೆ ಕಲ್ಲು ಚೂರಿಯನ್ನು ಬಿಟ್ಟು ಇಕ್ಕಳವನ್ನೇ ಮಸೆಯುವದು. ಮತ್ತೊಂದು ಸಂಗತಿಯೇನಂದರೆ, ಬಾಯಿ ನೆಟ್ಟಗಿರುವಷ್ಟು ದೂರ ಓರೆಯು ಒಂದೇ ಸಮನಾಗಿರುವದು. ಮೊನೆಯ ಬಳಿಯಲ್ಲಿ ಬಾಗಿದಲ್ಲಿ ಅದು ಬದಲಾಗುವದು. ಪ್ರತಿಸಲವೂ ಚೂರಿಯನ್ನು ಅದೇ ಸ್ಥಳದಲ್ಲಿ ಕಚ್ಚಿಸದಿದ್ದರೆ ಹಿಂದಿನ ಸಲದ ಕೆಲಸವೆಲ್ಲ ವ್ಯರ್ಥ.

ಕೈಯಿಂದ ಮಸೆಯುವದು ಸುಲಭವೆಂದು ಇದರಿಂದ ತಿಳಿಯಬಾರದು. ಚಿಕ್ಕ ಅಲಗು ಕೈಗೂ ಅಷ್ಟೇ ಕಠಿಣ, ಬಹುಶಃ ಹೆಚ್ಚು. ಇದನ್ನು ಹುಡುಗಿಯರಿಂದ ಲೆಕ್ಕ ಮಾಡಿಸಿದೆನು. ಅಗಲವು 12 ಮಿಲಿಮೀಟರು ಇರುವ ಚೂರಿಯನ್ನು 15 ಡಿಗ್ರಿಗೆ ಹಿಡಿಯಬೇಕಾದರೆ ಬೆನ್ನು ಕಲ್ಲಿನಿಂದ ಸುಮಾರು 3 ಮಿಲಿಮೀಟರು ಎದ್ದಿರಬೇಕು. ಅದು 4 ಆದರೆ ಓರೆಯು ಹತ್ತಿರ ಹತ್ತಿರ 20 ಡಿಗ್ರಿ. ಅಂದರೆ ಒಂದೇ ಮಿಲಿಮೀಟರಿನ ತಪ್ಪಿಗೆ 5 ಡಿಗ್ರಿ! 40 ಮಿಲಿಮೀಟರು ಅಗಲದ ದೊಡ್ಡ ಚೂರಿಯಲ್ಲಿ ಅದೇ ಒಂದು ಮಿಲಿಮೀಟರು ಒಂದೂವರೆ ಡಿಗ್ರಿಯಷ್ಟು ಮಾತ್ರ ಕೆಡಿಸುವದು. ಹೊಲಕ್ಕೆ ಹೋಗುವಾಗ ಬಾವಿಯ ಕಟ್ಟೆಯ ಕಲ್ಲಿಗೆ ಕುಡುಗೋಲನ್ನು ನಾಲ್ಕು ಸಲ ತಿಕ್ಕಿ ಮುಂದಕ್ಕೆ ಹೋಗುವ ನಮ್ಮ ತಾಯಂದಿರು ಪೆನ್ಸಿಲು ಹೆರೆಯುವ ಚೂರಿಯ ಮುಂದೆ ಸೋಲುವದು ಈ ಕಾರಣದಿಂದ.

ನಾವು ಕಲಿಸುವ ಕ್ರಮವನ್ನು ಈಗ ಹೇಳುವೆನು. ಪೇಟೆಯಲ್ಲಿ ಸಿಗುವ ಕಾರ್ಬೊರಂಡಮ್ ಕಲ್ಲು ಸಾಕು; ಅದರ ಒಂದು ಮಗ್ಗುಲು ಒರಟು, ಇನ್ನೊಂದು ನಯ. ಕಲ್ಲನ್ನು ನೀರಲ್ಲಿ ನೆನೆಯಿಸಿ ಒದ್ದೆ ಬಟ್ಟೆಯ ಮೇಲಿಡಬೇಕು. ಒಣ ಹಲಗೆಯ ಮೇಲಿಟ್ಟರೆ ಜಾರಿ ಅಪಾಯವಾಗುವದು. ಕಂಪಾಸು ಪೆಟ್ಟಿಗೆಯ ಸಹಾಯದಿಂದ ದಪ್ಪ ರಟ್ಟಿನಲ್ಲಿ ಒಂದು ತ್ರಿಕೋನವನ್ನು ಕತ್ತರಿಸಬೇಕು. ಪಾದವು 15, ಎತ್ತರವು 4 ಇದ್ದರೆ 15 ಡಿಗ್ರಿ. ಪಾದವು 11, ಎತ್ತರವು 4 ಇದ್ದರೆ 20 ಡಿಗ್ರಿ. ಇದನ್ನು ಕಲ್ಲಿನ ಪಕ್ಕದಲ್ಲಿ ನಿಲ್ಲಿಸಿ ಚೂರಿಯ ಓರೆಯನ್ನು ಅದಕ್ಕೆ ಹೋಲಿಸಿ ನೋಡಿ, ಆ ಮೇಲೆ ತಿಕ್ಕಲು ಆರಂಭಿಸಬೇಕು. ಬಲಗೈಯಲ್ಲಿ ಹಿಡಿ, ಎಡಗೈಯ ಎರಡು ಬೆರಳುಗಳು ಅಲಗಿನ ಮೈಮೇಲೆ, ಬಾಯಿಯಿಂದ ಒಳಗೆ. ಮಣಿಕಟ್ಟನ್ನು ಆಡಿಸದೆ ಮೊಣಕೈಯಿಂದ ಎಳೆಯಬೇಕು. ಸಣ್ಣ ಎಳೆತ, ಹಗುರವಾದ ಭಾರ.

ಓರೆಯು ಸರಿಯಾಗಿದೆಯೋ ಇಲ್ಲವೋ ಎಂಬದನ್ನು ತಿಳಿಯಲು ನಮ್ಮ ಹುಡುಗಿಯರು ಕಾಡಿಗೆಯನ್ನು ಉಪಯೋಗಿಸುವರು. ಬಾಯ ಅಂಚಿಗೆ ಕಾಡಿಗೆಯನ್ನು ತೆಳ್ಳಗೆ ಬಳಿದು, ಕಲ್ಲಿನ ಮೇಲಿನ ನೀರನ್ನು ಒರಸಿ, ಎರಡು ಸಲ ಎಳೆದು ನೋಡಬೇಕು. ತುದಿಯಲ್ಲಿ ಮಾತ್ರ ಅಳಿಸಿದ್ದರೆ ಬೆನ್ನು ಹೆಚ್ಚು ಎದ್ದಿದೆ. ಮೇಲೆ ಅಳಿಸಿ ತುದಿಯಲ್ಲಿ ಉಳಿದಿದ್ದರೆ ಬೆನ್ನು ತಗ್ಗಿದೆ. ಕಾಡಿಗೆಯು ಪೂರ್ತಿಯಾಗಿ ಹೋದರೆ ಹಿಡಿತವು ಸರಿ. ಕಾಡಿಗೆಯ ಡಬ್ಬಿಗಳು ತರಗತಿಗೆ ಬರಕೂಡದೆಂದು ನಾನೇ ಹಿಂದೆ ಅಪ್ಪಣೆ ಮಾಡಿದ್ದೆನು; ಆ ಅಪ್ಪಣೆಯನ್ನು ಈಗ ಹಿಂದಕ್ಕೆ ತೆಗೆದುಕೊಂಡಿರುವೆನು.

ಒಂದೇ ಮಗ್ಗುಲನ್ನು ತಿಕ್ಕುತ್ತಾ ಹೋದರೆ ಕೊನೆಗೆ ಉಕ್ಕು ತೆಳುವಾಗಿ ಆಚೆಯ ಮಗ್ಗುಲಿಗೆ ಮಡಚಿಕೊಳ್ಳುವದು. ಕಣ್ಣಿಗೆ ಕಾಣಿಸದಿದ್ದರೂ, ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಅಡ್ಡಲಾಗಿ ಜಾರಿಸಿದರೆ ಸಣ್ಣ ಮುಳ್ಳಿನಂತೆ ತಡೆಯುವದು. ಬಾಯಿಯ ಉದ್ದಕ್ಕೆ ಬೆರಳನ್ನು ಎಂದೂ ಎಳೆಯಬಾರದು. ಈ ಮುಳ್ಳು ಹಿಡಿಯಿಂದ ಮೊನೆಯವರೆಗೆ ತಾಗಿದಾಗ ಮಾತ್ರ ಆ ಮಗ್ಗುಲು ಮುಗಿಯಿತೆಂದು ತಿಳಿದು ಚೂರಿಯನ್ನು ತಿರುವತಕ್ಕದ್ದು. ಮಸೆಯಲು ಬಾರದವರೆಲ್ಲರೂ ಇದಕ್ಕಿಂತ ಮೊದಲೇ ತಿರುವುವರು; ಹತ್ತರಲ್ಲಿ ಒಂಬತ್ತು ಚೂರಿಗಳು ಮೊಂಡಾಗಿ ಉಳಿಯುವದು ಈ ಅವಸರದಿಂದಲೇ ಎಂಬದು ನನ್ನ ಅನುಭವ. ಎರಡನೆಯ ಮಗ್ಗುಲಿಗೂ ಹೀಗೆಯೇ ಮಾಡಿ, ನಯದ ಕಲ್ಲಿನ ಮೇಲೆ ಒಂದು ಎಳೆತ ಈಚೆಗೆ, ಒಂದು ಎಳೆತ ಆಚೆಗೆ, ಗರಿಯಷ್ಟು ಹಗುರವಾಗಿ ತಿಕ್ಕಿ ಮುಳ್ಳನ್ನು ತೆಗೆಯಬೇಕು. ಕಡೆಗೆ ಹಳೆಯ ಚರ್ಮದ ಪಟ್ಟಿಯ ಮೇಲೆ ಬೆನ್ನನ್ನು ಮುಂದೆ ಮಾಡಿ ಹತ್ತು ಸಲ. ಪರೀಕ್ಷೆಗೆ ಕಳೆದ ವರ್ಷದ ಪ್ರಶ್ನಪತ್ರಿಕೆಗಳು ಉತ್ತಮ. ಕಾಗದವು ಸದ್ದಿಲ್ಲದೆ ಸೀಳಿದರೆ ಚೂರಿಯು ಉತ್ತೀರ್ಣವಾಯಿತು.

ಕೈಯೋ ಆಧಾರವೋ ಎಂಬ ವಾದದಲ್ಲಿ ನಮ್ಮ ಕ್ಷೌರದ ಕತ್ತಿಯನ್ನು ಮರೆಯಕೂಡದು. ಅದರ ಬೆನ್ನನ್ನು ದಪ್ಪವಾಗಿ ಬಿಟ್ಟು ಮಗ್ಗುಲುಗಳನ್ನು ಒಳಕ್ಕೆ ಕೊರೆದಿರುವರು. ಕ್ಷೌರಿಕನು ಬೆನ್ನನ್ನೂ ಬಾಯನ್ನೂ ಕೂಡಿಯೇ ಕಲ್ಲಿಗೆ ತಾಗಿಸಿ ಎಳೆಯುವನು. ಓರೆಯು ತಾನಾಗಿಯೇ ಒದಗುವದು. ಎರಡು ಮಗ್ಗುಲು ಕೂಡಿ 16 ಡಿಗ್ರಿಯ ಸುಮಾರು. ಅಷ್ಟು ಸೂಕ್ಷ್ಮವಾದ ಬಾಯನ್ನು ಬರಿಗೈಯ ಅಂದಾಜಿಗೆ ಬಿಡದೆ, ಆಧಾರವನ್ನು ಅಲಗಿನೊಳಗೇ ಇಟ್ಟಿರುವರು. ಹೀಗಿರಲಾಗಿ ಆಧಾರವನ್ನು ಉಪಯೋಗಿಸುವವರು ಕೈಲಾಗದವರೆಂದು ನಗುವವರ ಮಾತಿಗೆ ಅರ್ಥವಿಲ್ಲ.

ನಾನು ಮೊದಲನೆಯ ವರ್ಷ ಹುಡುಗಿಯರನ್ನು ಎರಡು ಪಂಗಡ ಮಾಡಿ ಒಂದಕ್ಕೆ ಉಪಕರಣವನ್ನೂ ಇನ್ನೊಂದಕ್ಕೆ ಬರಿಯ ಕಲ್ಲನ್ನೂ ಕೊಟ್ಟೆನು. ಉಪಕರಣದವರ ಚೂರಿಗಳು ಮೊದಲನೆಯ ವಾರದಲ್ಲಿಯೇ ಕಾಗದವನ್ನು ಸೀಳಿದವು. ಕಲ್ಲಿನವರು ಒಂದು ತಿಂಗಳ ಪರ್ಯಂತರ ಬಾಯನ್ನು ದುಂಡಗೆ ಮಾಡುತ್ತಿದ್ದರು, ಇಬ್ಬರು ಅತ್ತರು. ಅರ್ಧವರ್ಷದ ಕೊನೆಯಲ್ಲಿ ಉಪಕರಣವನ್ನು ಕಪಾಟಿನಲ್ಲಿಟ್ಟು ಎಲ್ಲರಿಗೂ ಪರಿಚಯವಿಲ್ಲದ ಚೂರಿಗಳನ್ನು ಹಂಚಿದೆನು. ಕಲ್ಲಿನವರು ತಮ್ಮಷ್ಟಕ್ಕೆ ಕೆಲಸವನ್ನು ಹಿಡಿದರು, ಉಪಕರಣದವರು ನನ್ನ ಮುಖವನ್ನು ನೋಡಿದರು. ಇಷ್ಟಕ್ಕೇ ನಿಂತಿದ್ದರೆ ನಾನು ಉಪಕರಣವನ್ನು ಮಾರಿಬಿಡುತ್ತಿದ್ದೆನು. ಆದರೆ ಅದೇ ಹುಡುಗಿಯರಿಗೆ ಕಲ್ಲನ್ನು ಕೊಟ್ಟಾಗ, ಕಲ್ಲಿನವರಿಗೆ ತಿಂಗಳು ಹಿಡಿದದ್ದನ್ನು ಅವರು ಎಂಟು ಹತ್ತು ದಿನಗಳಲ್ಲಿ ಕಲಿತರು. ಮುಳ್ಳು ಬೆರಳಿಗೆ ಹೇಗೆ ತಾಗುವದು, ಸರಿಯಾದ ಬಾಯಿ ಹೇಗಿರುವದು ಎಂಬದನ್ನು ಅವರು ಮೊದಲೇ ಬಲ್ಲವರಾಗಿದ್ದರು. ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಅಕ್ಷರ ತಿದ್ದಿದ ಮಗುವಿಗೆ ಗೆರೆಯಿಲ್ಲದ ಹಾಳೆಯನ್ನು ಕೊಟ್ಟಂತೆ. ಆದಕಾರಣ ಈಗ ಮೊದಲು ಉಪಕರಣ, ಅನಂತರ ರಟ್ಟಿನ ತ್ರಿಕೋನ, ಆ ಮೇಲೆ ಬರಿಯ ಕೈ ಎಂಬ ಕ್ರಮವನ್ನು ಇಟ್ಟುಕೊಂಡಿರುವೆವು.

ಈ ಕ್ರಮದಲ್ಲಿ ನಾನೊಂದು ತಪ್ಪನ್ನು ಮಾಡಿದೆನು, ಅದನ್ನೂ ಹೇಳಿಬಿಡುವೆನು. ಬರಿಗೈಯಿಂದ ಮಸೆದವರಿಗೇ ಪೂರ್ಣ ಅಂಕಗಳೆಂದು ನಿಯಮ ಮಾಡಿದ್ದೆನು. ಚಿಕ್ಕಂದಿನಿಂದಲೂ ಬಲಗೈ ನಡುಗುವ ಹುಡುಗಿಯೊಬ್ಬಳು ನಮ್ಮಲ್ಲಿರುವಳು. ಅವಳು ರಜೆಯ ದಿನಗಳಲ್ಲಿಯೂ ಕಲ್ಲಿನ ಮುಂದೆ ಕುಳಿತು ಸೋತಳು, ನನ್ನೊಡನೆ ಏನೂ ಹೇಳಲಿಲ್ಲ. ಅಡಿಗೆಯ ತಾಯಿಯವರು ಬಂದು, "ಅಕ್ಕೋರೆ, ಆ ಹುಡುಗಿ ಯಂತ್ರದಾಗ ಮಸದ ಚೂರಿನೇ ನನಗ ಬೇಕ್ರೀ, ಉಳದವ್ರದ್ದು ಎರಡ ದಿನಕ್ಕ ಮೊಂಡ ಆಗ್ತಾವು" ಎಂದು ಕೇಳಿದಾಗಲೇ ನನಗೆ ವಿಷಯವು ತಿಳಿದದ್ದು. ಬಾಯಿ ಹರಿತವಾಗಬೇಕೆಂಬದು ಪಾಠದ ಉದ್ದೇಶವಾಗಿತ್ತೇ ವಿನಾ ಕೈಯ ಚಮತ್ಕಾರವಲ್ಲ. ನಿಯಮವನ್ನು ತೆಗೆದುಹಾಕಿದೆನು. ಅಡಿಗೆಮನೆಯ ನಾಲ್ಕು ಚಿಕ್ಕ ಚೂರಿಗಳು ಈಗ ಅವಳ ವಶದಲ್ಲಿವೆ. ಇಕ್ಕಳವು ಅಡ್ಡಬರುವ ತೀರ ಕಿರಿದಾದ ಒಂದು ಚೂರಿಗೆ ಅವಳೇ ಒಂದು ಉಪಾಯವನ್ನು ಕಂಡುಹಿಡಿದಳು: ಬೆನ್ನಿಗೆ ತೆಳುವಾದ ತಗಡನ್ನು ಮಡಿಚಿ ಹಾಕಿ, ಇಕ್ಕಳವು ಆ ತಗಡನ್ನು ಕಚ್ಚುವಂತೆ ಮಾಡಿ ಅಲಗನ್ನು ಮುಂದಕ್ಕೆ ತಂದಿರುವಳು.

ಮುರಿದೆಸೆಯುವ ಅಲಗುಗಳಿರುವಾಗ ಮಸೆಯುವ ಶ್ರಮವೇಕೆ ಎಂಬ ಮಾತಿಗೂ ಎರಡು ಮಾತು. 1956 ರಲ್ಲಿ ಜಪಾನಿನ ಓಕಾಡಾ ಎಂಬವರು ತುದಿ ಮೊಂಡಾದಂತೆ ಒಂದೊಂದು ತುಂಡನ್ನು ಮುರಿದು ಹಾಕುವ ಚೂರಿಯನ್ನು ಕಂಡುಹಿಡಿದರು. ಕಾಗದ ರಟ್ಟುಗಳಿಗೆ ಅದು ಒಳ್ಳೆಯದೇ, ನಮ್ಮಲ್ಲಿಯೂ ಒಂದಿದೆ. ಆದರೆ ಆ ತುಂಡುಗಳು ಎಲ್ಲಿಗೆ ಹೋಗುವವು? ಕಸವನ್ನು ಗುಡಿಸುವವರ ಅಂಗೈಗೆ.

ಪಾಲಕರಿಗೆ ನನ್ನ ಬಿನ್ನಹವಿಷ್ಟೇ. ಮಗಳ ಕಂಪಾಸು ಪೆಟ್ಟಿಗೆಯಲ್ಲಿ ಅರ್ಧ ಬ್ಲೇಡು ಇದ್ದರೆ ತೆಗೆದುಬಿಡಿರಿ. ಅದರ ಬದಲಾಗಿ ಹಿಡಿಯುಳ್ಳ ಚಿಕ್ಕ ಚೂರಿಯೊಂದನ್ನು ಕೊಡಿಸಿರಿ. ರಜೆಗೆ ಮನೆಗೆ ಬಂದಾಗ ಅಡಿಗೆಮನೆಯ ಚೂರಿಯನ್ನು ಮಸೆಯಲು ಅವಳಿಗೆ ಬಿಡಿರಿ. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಾದರೂ ಶಾಲೆಗೆ ಬಂದರೆ ನಮ್ಮ ಕಲ್ಲುಗಳನ್ನು ನೋಡಬಹುದು. ಎರಡು ವರ್ಷಗಳಲ್ಲಿ ಅವುಗಳ ನಡುವೆ ಕುಳಿ ಬಿದ್ದಿದೆ. ಕುಳಿ ಬಿದ್ದ ಕಲ್ಲಿನ ಮೇಲೆ ಚಿಕ್ಕ ಅಲಗಿನ ಓರೆಯು ನಿಲ್ಲದು. ಬೇಸಗೆಯ ರಜೆಯು ಮುಗಿದೊಡನೆ ಅವುಗಳನ್ನು ಅಂಗಳದ ಚಪ್ಪಟೆಯಾದ ಬಂಡೆಗೆ ಮರಳು ನೀರು ಹಾಕಿ ತಿಕ್ಕಿ ಸಮ ಮಾಡಬೇಕಾಗಿದೆ.